ಎಡಸೀಟಿನ ಸೊಸೆ

ಮಾವ ಎರಡು ಸಲ ಅರ್ಧದಾರಿಯಿಂದಲೇ ಕಾರು ತಿರುಗಿಸಿಕೊಂಡು ಮನೆಗೆ ವಾಪಸು ಬಂದಿದ್ದರು. ಮೂರನೆಯ ಸಲವೂ ಹಾಗೇ ಆದರೆ ತಾನು ಕಿರುಚಿಯೇ ಬಿಡುವುದೆಂದು ಜಿಪಾರ್ ತೀರ್ಮಾನಿಸಿದ್ದಳು. ಮನಸ್ಸಿನೊಳಗೆ, ಅಷ್ಟೇ. ಹೊಸ ಸೊಸೆ ಬಾಯಿಬಿಟ್ಟು ಕಿರುಚುವಂಥ ಮನೆಯಲ್ಲ ಅದು.

ಮದುವೆಯಾಗಿ ಬಂದ ಹುಡುಗಿಯನ್ನು ಮೊದಲ ಸಲ ತವರಿಗೆ ಕರೆದೊಯ್ಯಬೇಕಾದವರು ಅತ್ತೆಮಾವಂದಿರು. ಕುರಿ, ಬಟ್ಟೆಬರೆ, ಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ಗಂಟು ಎಲ್ಲ ಹೇರಿಕೊಂಡು ಮರ್ಯಾದೆಯಾಗಿ ಹೋಗಬೇಕು. ಅದೊಂದು ಆಗುವವರೆಗೆ ಸೊಸೆ ತಾನಾಗಿ ಬಸ್ಸು ಹತ್ತಿ ತವರಿನ ಹೊಸ್ತಿಲು ತುಳಿಯುವಂತಿಲ್ಲ. ಜಿಪಾರಳ ತವರು ಕಿರ್ಗಿಜ್ ನಾಡಿನ ಇಸ್ಸಿಕ್-ಕುಲ್ ಸರೋವರದ ದಕ್ಷಿಣ ದಂಡೆಯ ತೋಸೋರ್. ಗಂಡನ ಮನೆ ಇರುವುದು ರಾಜಧಾನಿ ಬಿಶ್ಕೆಕ್ ದಾಟಿ ಪಶ್ಚಿಮಕ್ಕೆ, ಕಾರಾ-ಬಾಲ್ತಾದಲ್ಲಿ. ನಡುವೆ ಇರುವುದು ಹೆದ್ದಾರಿ, ಹೆದ್ದಾರಿಯ ತುಂಬ ಡ್ರೈವರುಗಳು, ಆ ಡ್ರೈವರುಗಳನ್ನು ಕಂಡರೆ ಉರಿದು ಬೀಳುವ ಮಾವ.

ಮೊದಲ ಸಲ ಬೋಮ್ ಕಣಿವೆಯಲ್ಲಿ ಬಂಡೆ ಉರುಳಿ ದಾರಿ ಕಟ್ಟಿತ್ತು. ಎರಡು ಸಾಲಿನಲ್ಲಿ ನಿಲ್ಲಬೇಕಾದ ಕಾರುಗಳು ಮಣ್ಣಿಗಿಳಿದು, ಚರಂಡಿಗಿಳಿದು ಐದು ಸಾಲಾದವು. ಮಾವ ಕಾರಿನಿಂದ ಇಳಿದು ಐದೂ ಸಾಲಿಗೆ ಕೇಳುವಂತೆ ಪಾಠ ಮಾಡಿದರು. ಯಾರೂ ಕೇಳಲಿಲ್ಲ. "ಮನುಷ್ಯರು ಓಡಾಡೋ ರಸ್ತೆ ಯಾವುದಾದ್ರೂ ಇದ್ರೆ ಹೇಳಿ, ಹೋಗೋಣ" ಎಂದು ಕಾರು ತಿರುಗಿಸಿಬಿಟ್ಟರು. ಎರಡನೆಯ ಸಲ ತೋಕ್ಮೋಕ್ ಹತ್ತಿರ ಮಿನಿಬಸ್ಸೊಂದು ಸೂಚನೆಯೇ ಕೊಡದೆ ಗಕ್ಕನೆ ಮುಂದೆ ನಿಂತಿತು. ಅವನಿಗೆ ಬುದ್ಧಿ ಹೇಳಲೇಬೇಕೆಂದು ಮಾವ ಅದರ ಬೆನ್ನು ಹತ್ತಿದರು. ಮಿನಿಬಸ್ಸು ಹೆದ್ದಾರಿ ಬಿಟ್ಟು ಯಾವುದೋ ಹಳ್ಳಿಯ ಕಡೆ ಹೊರಳಿತು, ಮಾವನೂ ಹೊರಳಿದರು. ಬುದ್ಧಿ ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಇನ್ನು ಕತ್ತಲಲ್ಲಿ ಕಣಿವೆ ದಾಟುವುದು ಬೇಡವೆಂದು ಮನೆಗೆ ಬಂದರು.

ಎರಡೂ ಸಲ ತೋಸೋರಿನಲ್ಲಿ ಜಿಪಾರಳ ಅಜ್ಜಿ ಬೆಳಗ್ಗೆಯೇ ಹಿಟ್ಟು ಕಲಸಿಟ್ಟುಕೊಂಡು ಗೇಟಿನಲ್ಲಿ ಕಾದಿದ್ದಳು. ಜಿಪಾರಳನ್ನು ಸಾಕಿ ಬೆಳೆಸಿದ್ದು ಆ ಅಜ್ಜಿಯೇ. ನಿನ್ನೆ ಫೋನಿನಲ್ಲಿ ಅವಳು ಕೋಪದಿಂದಲೇ ಮಾತಾಡಿದಳು. "ಈ ಸಲ ನಾನು ಹಿಟ್ಟಿಗೆ ಕೈ ಹಾಕಲ್ಲ ಕಣೇ. ನಿಮ್ಮ ಕಾರು ಗೇಟ್ ಮುಂದೆ ನಿಂತ ಮೇಲೇನೇ ಕಲಸೋದು." ಆಮೇಲೆ ದನಿ ತಗ್ಗಿಸಿ, "ಬರ್ತೀಯ ತಾನೇ?" ಎಂದು ಕೇಳಿದಳು. ಇತ್ತ ಮಾವ ಬೆಳಗ್ಗೆ ಕಾರು ಹತ್ತುವ ಮುಂಚೆಯೇ ಸಾರಿಬಿಟ್ಟಿದ್ದರು: "ಇವತ್ತೂ ಆ ಹುಚ್ಚರ ಸಂತೆ ನಡೀತಿದ್ರೆ ವಾಪಸ್. ಆಮೇಲೆ ಏನಿದ್ರೂ ಚಳಿಗಾಲ ಕಳೆದ ಮೇಲೆ."

ಕಾರು ಜಪಾನಿನಿಂದ ಬಂದ ಹಳೆಯದು, ಸ್ಟೇರಿಂಗು ಬಲಗಡೆ. ವಾಹನಗಳೂ ರಸ್ತೆಯ ಬಲಗಡೆಯೇ ಓಡುವ ನಾಡಿನಲ್ಲಿ ಇಂಥ ಕಾರು ಕೊಂಡವನಿಗೆ ಮುಂದಿನ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂದು ಕಾಣುವುದು ಎಡಸೀಟಿನವರಿಗೆ. ಅವರು ನೋಡಿ ಹೇಳಬೇಕು, ಇವರು ನುಗ್ಗಬೇಕು. ಅರ್ಧ ಊರು ಹೀಗೇ ಓಡಿಸುತ್ತದೆ. ಹಿಂದಿನ ಎರಡು ಸಲ ಎಡಸೀಟಿನಲ್ಲಿ ಜಿಪಾರಳ ಗಂಡ ಮೆದೆತ್ ಕೂತಿದ್ದ. ಈ ಸಲ ಅವನಿಗೆ ರಜೆ ಸಿಕ್ಕಿರಲಿಲ್ಲ. ಅತ್ತೆ ಕಾಲಿಪಾ ಅಲ್ಲಿ ಕೂರುವ ಮಾತೇ ಇಲ್ಲ, ಎದುರಿಗೆ ಲಾರಿ ಕಂಡರೆ ಸಾಕು, ಆಕೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ಅತ್ತೆ ಬೋರ್ಸೋಕಿನ ಗಂಟಿನ ಜೊತೆ ಹಿಂದಿನ ಸೀಟಿಗೆ, ಕುರಿ ಅದರ ಹಿಂದಿನ ಡಿಕ್ಕಿಗೆ, ಜಿಪಾರ್ ಎಡಸೀಟಿಗೆ.

ತೊಂದರೆ ಇದ್ದದ್ದು ಮಾವನ ಹೆಸರಿನಲ್ಲಿ. ಅವರ ಹೆಸರು ತೊಕ್ತೊಸುನ್. ಸೊಸೆ ಮಾವನನ್ನು 'ಅತಾ', ಅಂದರೆ ಅಪ್ಪಾ, ಎಂದು ಕರೆಯಬೇಕೇ ಹೊರತು ಹೆಸರು ಹೇಳಬಾರದು. ಹೆಸರಿರಲಿ, ಆ ಹೆಸರಿನೊಳಗಿನ ಮಾತು ಕೂಡ ಬಾಯಿಗೆ ಬರಬಾರದು. ಕಿರ್ಗಿಜರ ಬಾಯಲ್ಲಿ 'ತೊಕ್ತೊ' ಎಂದರೆ 'ನಿಲ್ಲು'. ಹೀಗಾಗಿ ಈ ಮನೆಗೆ ಕಾಲಿಟ್ಟಂದಿನಿಂದ ಜಿಪಾರಳ ಪಾಲಿಗೆ ಲೋಕದಲ್ಲಿ ಯಾವುದೂ ನಿಂತಿರಲಿಲ್ಲ. ಮಳೆ ನಿಂತರೆ "ಮಳೆಗೆ ಸುಸ್ತಾಯ್ತು" ಎನ್ನಬೇಕು. ಗಡಿಯಾರ ನಿಂತರೆ "ಗಡಿಯಾರ ಮಲಗಿದೆ." ಅತ್ತೆ ಕೂಡ ಮದುವೆಯಾದಾಗಿನಿಂದ ಹೀಗೇ ಬಾಳು ಸಾಗಿಸಿದವರು, ಸೊಸೆಗೆ ಈ ಮಾತುಗಳನ್ನೆಲ್ಲ ಕಲಿಸಿದವರೂ ಅವರೇ. ಆದರೆ ಅಡುಗೆಮನೆಯಲ್ಲಿ ನಡೆಯುವುದು ಹೆದ್ದಾರಿಯಲ್ಲಿ ನಡೆಯುತ್ತದೆಯೇ?

ಬಿಶ್ಕೆಕ್ ದಾಟಿ ನಾಲ್ಕು ಲೇನಿನ ರಸ್ತೆಗೆ ಬಂದದ್ದೇ ಮಾವನ ಪಾಠ ಶುರುವಾಯಿತು. ಅವರು ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಬಿಳಿಗೆರೆಯ ಮೇಲೆಯೇ ಚಕ್ರ ಉರುಳಿಸಿಕೊಂಡು, ಆ ಲೇನೂ ನನ್ನದು ಈ ಲೇನೂ ನನ್ನದು ಎಂಬಂತೆ ಹೋಗುವವರನ್ನು ಕಂಡರೆ ಅವರ ಮೈಯೆಲ್ಲ ಉರಿಯುತ್ತದೆ.

"ನೋಡು, ನೋಡು! ಗೆರೆ ಎಳೆದಿರೋದು ಯಾಕೆ? ಇವನ ಹೊಟ್ಟೆ ಕೆಳಗೆ ಇಟ್ಕೊಂಡು ಮೊಟ್ಟೆ ಮರಿ ಮಾಡ್ಲಿ ಅಂತಾನಾ? ಲೋ, ಸಮಾನಾಂತರ ಅಂದ್ರೇನೋ? ಯಾರೋ ನಿನ್ನ ಪಾಸ್ ಮಾಡಿದ್ದು?"

"ನೀವೇ ಮಾಡಿರ್ತೀರಿ" ಎಂದರು ಹಿಂದಿನಿಂದ ಅತ್ತೆ. "ಕಾರಾ-ಬಾಲ್ತಾದವನ ಥರಾನೇ ಇದಾನೆ."

ಒಬ್ಬ ಸೂಚನೆ ಕೊಡದೆ ಅಡ್ಡ ಬಂದ. ಇನ್ನೊಬ್ಬ ಎಡಗಡೆಯ ದೀಪ ಮಿನುಗಿಸಿಕೊಂಡೇ ಊರಿಡೀ ಸಾಗಿದ, ತಿರುಗಲೇ ಇಲ್ಲ. ಮತ್ತೊಬ್ಬ ರಸ್ತೆಯಂಚಿನ ಮಣ್ಣಿನಲ್ಲಿ ಧೂಳೆಬ್ಬಿಸಿಕೊಂಡು ಎಲ್ಲರನ್ನೂ ದಾಟಿ, ಕಲ್ಲಂಗಡಿ ರಾಶಿ ಕಂಡದ್ದೇ ಗಕ್ಕನೆ ನಿಂತು, ಇಳಿದು ಹಣ್ಣು ತಟ್ಟಿ ನೋಡತೊಡಗಿದ. ಒಬ್ಬೊಬ್ಬನನ್ನು ದಾಟುವಾಗಲೂ ಮಾವ ತಲೆ ಬಲಕ್ಕೆ ತಿರುಗಿಸಿ, ಆ ಡ್ರೈವರನ ಮುಖ ದಿಟ್ಟಿಸಿ ಒಂದು ಮಾತು ಬೈದೇ ಮುಂದೆ ಹೋಗುತ್ತಿದ್ದರು. ಬೈಯದೆ ಹೋದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಅಷ್ಟು ಹೊತ್ತು ಮುಂದಿನ ರಸ್ತೆಯ ಮೇಲೆ ಕಣ್ಣಿಟ್ಟಿರುತ್ತಿದ್ದವಳು ಜಿಪಾರ್ ಒಬ್ಬಳೇ.

ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿದ್ದದ್ದು ಇದಕ್ಕಲ್ಲ. ಮಾವ ಹೋಗುತ್ತಿದ್ದದ್ದು ಎಡಗಡೆಯ ಲೇನಿನಲ್ಲಿ, ಬೇಗ ಹೋಗುವವರಿಗೆಂದು ಇರುವ ಲೇನಿನಲ್ಲಿ. ಅವರ ಮುಳ್ಳು ಎಂಬತ್ತರಿಂದ ಆಚೆಗೂ ಇಲ್ಲ ಈಚೆಗೂ ಇಲ್ಲ. ಬಲಗಡೆ ರಸ್ತೆ ಬಹುಪಾಲು ಖಾಲಿ ಹೊಡೆಯುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಅವಳಿಗೆ ಹಿಂದಿನ ಮೆರವಣಿಗೆ ಕಾಣುತ್ತಿತ್ತು. ಕಾರಿನ ಹಿಂದೆ ಕಾರು, ಅದರ ಹಿಂದೆ ಕಾರು, ಎಲ್ಲರೂ ದೀಪ ಮಿನುಗಿಸುವವರೇ.

"ಕಣ್ಣು ಹೊಡೀತಾನೆ ನೋಡು, ನಾನೇನು ಹುಡುಗೀನಾ?" ಎಂದು ಮಾವ ಕನ್ನಡಿಗೆ ಬೈದರು.

"ಥೂ, ಸೊಸೆ ಪಕ್ಕದಲ್ಲಿ ಕೂತಿದಾಳೆ ರೀ" ಎಂದರು ಅತ್ತೆ.

"ಕೂತಿರ್ಲಿ. ಎಂಬತ್ತು ಅನ್ನೋದು ಸರಿಯಾದ ಸ್ಪೀಡು. ಅದಕ್ಕಿಂತ ಜೋರಾಗಿ ಹೋಗೋನು ತಲೆ ಕೆಟ್ಟೋನು, ನಿಧಾನ ಹೋಗೋನು ನಿದ್ದೆಗಣ್ಣೋನು."

ಬಲಕ್ಕೆ ಸರಿದುಕೊಳ್ಳಿ ಎಂದು ಹೇಳಲು ಜಿಪಾರಳ ನಾಲಗೆ ತುರಿಸುತ್ತಿತ್ತು. ಹಿಂದಿನವರು ಬಲಗಡೆಯಿಂದ ಸುತ್ತಿ ದಾಟಿ ಹೋಗುವಾಗ ಬೈಯುತ್ತಿದ್ದದ್ದು ಕೂಡ ಯಾರನ್ನು? ಎಡಸೀಟಿನಲ್ಲಿ ಸ್ಟೇರಿಂಗು ಇರುತ್ತದೆಂದುಕೊಂಡು ಅವಳತ್ತಲೇ ಬೆರಳು ತೋರಿಸಿ ಬೈದು ಹೋಗುತ್ತಿದ್ದರು. ಗಾಜಿನಾಚೆ ತುಟಿಗಳು ಆಡುತ್ತಿದ್ದದ್ದು ಅವಳಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ತಲೆವಸ್ತ್ರ ಸರಿಮಾಡಿಕೊಂಡು ಹಲ್ಲು ಕಚ್ಚಿ ಕೂತಳು. ತವರು ಮುಟ್ಟಿದರೆ ಸಾಕಾಗಿತ್ತು.

ಕಣಿವೆ ಹೇಗೋ ದಾಟಿದ್ದಾಯಿತು. ಬಾಲಿಕ್ಚಿಯಿಂದ ಮುಂದೆ ದಕ್ಷಿಣ ದಂಡೆಯ ರಸ್ತೆ ಕಿರಿದು, ಹೋಗಲೊಂದು ಸಾಲು ಬರಲೊಂದು ಸಾಲು. ಎಡಸೀಟಿನ ಅಸಲಿ ಕೆಲಸ ಶುರುವಾದದ್ದು ಇಲ್ಲಿ. ಮುಂದೆ ಎಣ್ಣೆ ಟ್ಯಾಂಕರೊಂದು ತೆವಳುತ್ತಿತ್ತು.

"ಹೋಗ್ಲಾ?" ಎಂದರು ಮಾವ.

ಜಿಪಾರ್ ಕಿಟಕಿಗೆ ವಾಲಿ ನೋಡಿದಳು. ರಸ್ತೆ ಖಾಲಿ ಇತ್ತು. "ಹೋಗಬಹುದು ಅನ್ಸುತ್ತೆ, ಅತಾ, ದಯವಿಟ್ಟು ಹೋಗಿ..." ಎನ್ನುವಷ್ಟರಲ್ಲಿ ದೂರದ ತಿರುವಿನಿಂದ ಬಸ್ಸೊಂದು ಬಂತು. "ಅಯ್ಯೋ, ಸ್ವಲ್ಪ ತಾಳ್ತೀರಾ, ಅತಾ..." ಮಾವ ಆಗಲೇ ಕಾರಿನ ಮೂತಿ ಹೊರಗೆ ಹಾಕಿದ್ದರು, ಸರಕ್ಕನೆ ಒಳಗೆಳೆದುಕೊಂಡರು. ಡಿಕ್ಕಿಯಲ್ಲಿ ಕುರಿ ದಬ್ಬೆಂದು ಬಿತ್ತು.

ಒಣಮೀನು ತೂಗುಹಾಕಿದ್ದ ಅಂಗಡಿಯೊಂದರ ಪಕ್ಕ ಕಾರು ನಿಲ್ಲಿಸಿ ಮಾವ ಅವಳ ಕಡೆ ತಿರುಗಿದರು.

"ನೋಡಮ್ಮ, ನಿನ್ನ ಮರ್ಯಾದೆ ನಂಗೆ ಸಂತೋಷಾನೇ. ಆದ್ರೆ ನೀನು 'ದಯವಿಟ್ಟು' ಅಂತ ಮುಗಿಸೋ ಹೊತ್ತಿಗೆ ಆ ಟ್ಯಾಂಕರು ಚೀನಾ ಮುಟ್ಟಿರುತ್ತೆ. ರಸ್ತೇಲಿ ಬಹುವಚನ ಬೇಡ. ನಾನು 'ಹೋಗ್ಲಾ' ಅಂತ ಕೇಳ್ತೀನಿ. ಹೋಗು ಅಂತಿದ್ರೆ 'ಬಾರ್' ಅನ್ನು. ಬೇಡ ಅಂದ್ರೆ 'ಜೋಕ್' ಅನ್ನು. ಒಂದೊಂದೇ ಮಾತು. ಆಯ್ತಾ?"

"ಆಯ್ತು, ಅತಾ."

ಆಯಿತೆಂದಳೇನೋ ನಿಜ. ಕಿರ್ಗಿಜರ 'ಜೋಕ್' ಎಂದರೆ 'ಇಲ್ಲ', ಅದು ಸರಳ. ಆದರೆ 'ಬಾರ್' ಎಂಬ ಮಾತಿಗೆ ಎರಡು ಮುಖ. 'ಹೋಗು' ಎನ್ನುವುದಕ್ಕೂ ಬಾರ್, 'ಇದೆ' ಎನ್ನುವುದಕ್ಕೂ ಬಾರ್. ಮಾವನಿಗೆ ಯಾವ ಸೊಸೆಯೂ 'ಹೋಗು' ಎಂದು ಏಕವಚನದಲ್ಲಿ ಹೇಳುವುದಿಲ್ಲವಾದ್ದರಿಂದ ಮನೆಯಲ್ಲಿ ಎಂದೂ ಗೊಂದಲವಾಗಿರಲಿಲ್ಲ. ಉಪ್ಪು ಇದೆಯಾ ಎಂದರೆ ಬಾರ್, ಚಹಾ ಇದೆಯಾ ಎಂದರೆ ಬಾರ್. ಈಗ ರಸ್ತೆಗೆಂದು ಮಾವನೇ ಮರ್ಯಾದೆಯ ಬಾಲ ಕತ್ತರಿಸಿ ಹಾಕಿದ್ದರು.

ಸ್ವಲ್ಪ ದೂರ ಈ ಏರ್ಪಾಡು ಚೆನ್ನಾಗಿಯೇ ನಡೆಯಿತು. "ಹೋಗ್ಲಾ?" "ಜೋಕ್." "ಹೋಗ್ಲಾ?" "ಬಾರ್." ಮಾವ ಟ್ಯಾಂಕರನ್ನು ದಾಟಿದರು, ಅದರ ಡ್ರೈವರನನ್ನು ದಿಟ್ಟಿಸಿ ಬೈದರು, ಖುಷಿಯಾದರು. ಸರೋವರ ಎಡಕ್ಕೆ ನೀಲಿಯಾಗಿ ಹರಡಿಕೊಂಡಿತ್ತು. ಇನ್ನೇನು ಊರು ಬಂದೇ ಬಿಟ್ಟಿತೆಂದು ಜಿಪಾರಳ ಎದೆ ಹಗುರವಾಗತೊಡಗಿತು.

ಆಗ ಸಿಕ್ಕಿದ್ದು ಹುಲ್ಲಿನ ಲಾರಿ. ತನ್ನ ಸಾಲಿಗಿಂತ ಅಗಲವಾಗಿ ಹುಲ್ಲು ಹೇರಿಕೊಂಡು ನಡುಗೆರೆಯ ಮೇಲೆಯೇ ತೂರಾಡುತ್ತಿತ್ತು. ಹಿಂದೆ ಹತ್ತಾರು ಕಾರು ಸೇರಿಕೊಂಡವು. ಮಾವ ಹಾರನ್ ಹೊಡೆದರು. ಲಾರಿ ಸರಿಯಲಿಲ್ಲ. ಹಿಂದಿನವನು ಮಾವನಿಗೆ ಹಾರನ್ ಹೊಡೆದ. ಅವನ ಹಿಂದಿನವನು ಅವನಿಗೆ ಹೊಡೆದ. ಹುಲ್ಲಿನ ಎಳೆಗಳು ಗಾಜಿಗೆ ಬಂದು ಅಂಟಿಕೊಂಡವು. ಮಾವನ ಕುತ್ತಿಗೆ ಕೆಂಪಾಯಿತು.

"ಇವನಪ್ಪನ ರಸ್ತೇನಾ ಇದು? ಸರೀಲೋ! ಬಲಕ್ಕೆ ಸರಿ! ಇದಕ್ಕೇ ನಾನು ಈ ದಾರಿ ಬೇಡ ಅನ್ನೋದು, ವಾಪಸ್ ಹೋಗೋದೇ ವಾಸಿ!"

'ವಾಪಸ್' ಎಂಬ ಮಾತು ಕಿವಿಗೆ ಬಿದ್ದದ್ದೇ ಜಿಪಾರ್ ಸೀಟಿನ ತುದಿಗೆ ಬಂದಳು. ಅಷ್ಟರಲ್ಲಿ ಮಾವ ಕೂಗಿದರು: "ಏನಾದ್ರೂ ಇದೆಯಾ?"

ಅವಳು ವಾಲಿ ನೋಡಿದಳು. ಇಳಿಜಾರಿನಲ್ಲಿ ಕಲ್ಲು ತುಂಬಿದ ದೊಡ್ಡ ಲಾರಿಯೊಂದು ಎದುರಿಗೆ ಬರುತ್ತಿತ್ತು. ಇದೆಯಾ ಎಂದು ಕೇಳಿದ್ದರು. ಇತ್ತು.

"ಬಾರ್!" ಎಂದಳು.

ಮಾವ ನುಗ್ಗಿದರು. ಕಾರು ಪೂರ್ತಿ ಎಡಸಾಲಿಗೆ ಬಂತು. ಹುಲ್ಲಿನ ಲಾರಿಯ ಪಕ್ಕಕ್ಕೆ ಬಂದದ್ದೇ ರೂಢಿಯಂತೆ ತಲೆ ಬಲಕ್ಕೆ ತಿರುಗಿಸಿ, ಅದರ ಡ್ರೈವರನಿಗೆ ಬೈಯಲು ಬಾಯಿ ತೆರೆದರು. ಎದುರಿನ ಲಾರಿ ಅವರಿಗೆ ಕಾಣಲೇ ಇಲ್ಲ. ಅತ್ತೆ ಕಣ್ಣು ಮುಚ್ಚಿದ್ದರು. ಕಾಣುತ್ತಿದ್ದದ್ದು ಜಿಪಾರಳೊಬ್ಬಳಿಗೇ. 'ತಾಳ್ತೀರಾ' ಎಂಬುದು ನೆನಪಿಗೆ ಬರಲಿಲ್ಲ, 'ಜೋಕ್' ಕೂಡ ಬರಲಿಲ್ಲ. ಅಷ್ಟು ದಿನ ಗಂಟಲಲ್ಲೇ ಬೀಗ ಹಾಕಿಟ್ಟಿದ್ದ ಮಾತು ಕಿತ್ತುಕೊಂಡು ಬಂತು.

"ತೊಕ್ತೊ!"

ಮಾವನ ಕಾಲು ಬ್ರೇಕಿನ ಮೇಲೆ ಬಿತ್ತು. ಟೈರು ಚೀರಿತು. ಹುಲ್ಲಿನ ಲಾರಿ ಮುಂದೆ ಹೋಯಿತು, ಹಿಂದಿನ ಕಾರಿನವನು ಪುಣ್ಯಾತ್ಮ ಜಾಗ ಬಿಟ್ಟ. ಕಾರು ಆ ಸಂದಿಗೆ ನುಸುಳಿಕೊಂಡಿತು. ಕಲ್ಲಿನ ಲಾರಿ ಹಾರನ್ ಹೊಡೆಯುತ್ತಲೇ ಜಿಪಾರಳ ಕಿಟಕಿಯ ಪಕ್ಕದಲ್ಲಿ ಹಾದು ಹೋದಾಗ ಕಾರಿಗೆ ಕಾರೇ ಅಲ್ಲಾಡಿತು. ಮಾವ ರಸ್ತೆಯಂಚಿಗೆ ಇಳಿಸಿ ಎಂಜಿನ್ ಆರಿಸಿದರು.

ಅತ್ತೆ ಕಣ್ಣು ತೆರೆಯದೆಯೇ ಕೇಳಿದರು. "ಎಲ್ರೂ ಇದೀವಾ?"

ಕುರಿ ಬ್ಯಾ ಎಂದಿತು. ಮಾವ ಇಳಿದು, ರಸ್ತೆ ದಾಟಿ, ಸರೋವರದ ಕಡೆ ಮುಖ ಮಾಡಿ ನಿಂತರು. ಅವರ ಬೆನ್ನು ನೋಡುತ್ತ ಜಿಪಾರ್ ತನ್ನ ಪ್ರಯಾಣ ಇಲ್ಲಿಗೇ ಮುಗಿಯಿತು ಅಂದುಕೊಂಡಳು. ಮಾವನನ್ನು ಹೆಸರು ಹಿಡಿದು ಕೂಗಿದ ಸೊಸೆಯನ್ನು ಯಾರು ಮೆರೆಸಿಕೊಂಡು ತವರಿಗೆ ಕರೆದೊಯ್ಯುತ್ತಾರೆ? ಹೆದರಿಕೆಯಷ್ಟೇ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಅವಳಿಗೆ ಸಿಟ್ಟೂ ಬಂದಿತ್ತು.

ಮಾವ ಬಂದು ಕಿಟಕಿಯ ಬಳಿ ಬಗ್ಗಿದರು. "ಬಾರ್ ಅಂದ್ಯಲ್ಲ ನೀನು!"

"ಇದೆ ಅಂದೆ. ನೀವು 'ಇದೆಯಾ' ಅಂತ ಕೇಳಿದ್ರಿ, ಅತಾ. 'ಹೋಗ್ಲಾ' ಅಂತ ಕೇಳ್ಲಿಲ್ಲ. ರೂಲ್ಸ್ ಮಾಡಿದ್ದು ನೀವೇ, ಮರೆತಿದ್ದೂ ನೀವೇ." ಒಮ್ಮೆ ಬಾಯಿ ತೆರೆದುಕೊಂಡದ್ದು ಮುಚ್ಚಿಕೊಳ್ಳಲಿಲ್ಲ. "ಬೆಳಗ್ಗೆಯಿಂದ ಎಲ್ರಿಗೂ ಬೈತಿದೀರಿ. ನೀವು ಎಡಗಡೆ ಲೇನಲ್ಲಿ ಎಂಬತ್ತರಲ್ಲಿ ಹೋಗ್ತಿದ್ರೆ ಹಿಂದೆ ಇಡೀ ಬಿಶ್ಕೆಕ್ಕೇ ಸಾಲುಗಟ್ಟಿತ್ತು. ಬಲಗಡೆ ಖಾಲಿ ಇತ್ತು, ಅತಾ! ಅವರೆಲ್ಲ ಹೋಗ್ತಾ ಬೈದಿದ್ದು ನನ್ನ! ನನ್ನ ಮುಖ ನೋಡಿ! ಮುಂದೆ ನೋಡ್ಕೊಂಡು ಓಡಿಸೋದು ಬಿಟ್ಟು ಅವರಿವರ ಮುಖ ಯಾಕೆ ನೋಡ್ತೀರಿ? ನಮ್ಮಜ್ಜಿ ಎರಡು ಸಲ ಹಿಟ್ಟು ಕಲಸಿ ನಾಯಿಗೆ ಹಾಕಿದಾಳೆ!"

ಇಷ್ಟು ಹೇಳಿ ಅವಳು ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ಸೀಟಿನಲ್ಲಿ ಅತ್ತೆ ಈಗ ಎರಡೂ ಕಣ್ಣು ಅಗಲಿಸಿ ಕೂತಿದ್ದರು.

ಮಾವ ಗಾಜಿಗಂಟಿದ್ದ ಹುಲ್ಲನ್ನು ಒಂದೊಂದಾಗಿ ಕಿತ್ತು ಬಿಸಾಡಿದರು. "ಅದಿರ್ಲಿ. ಆಮೇಲೆ ಏನೋ ಕೂಗಿದ್ಯಲ್ಲ, ಏನದು?"

ಜಿಪಾರ್ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನ ಹೆಸರು ಕೂಗಿದೆ ನೀನು" ಎಂದರು ಮಾವ.

"ಅರ್ಧ, ಅತಾ" ಎಂದಳು ಅವಳು ಸಣ್ಣ ದನಿಯಲ್ಲಿ. "ಅರ್ಧ ಹೆಸರು."

ಮಾವ ಸುತ್ತಿ ಬಂದು ಸ್ಟೇರಿಂಗಿನ ಮುಂದೆ ಕೂತರು. ಕೀಲಿಗೆ ಕೈ ಹಾಕಿ, ಹಾಗೇ ಬಿಟ್ಟರು.

"ನಮ್ಮಮ್ಮನೂ ಅರ್ಧಾನೇ ಕೂಗ್ತಿದ್ಳು" ಎಂದರು. "ನನಗಿಂತ ಮುಂಚೆ ಹುಟ್ಟಿದವು ಒಂದೂ ಉಳೀಲಿಲ್ಲ. ಇದಾದ್ರೂ ನಿಲ್ಲಲಿ ಅಂತ ನಂಗೆ ಈ ಹೆಸರಿಟ್ರು. ನಾನೋ, ಎಲ್ಲಿ ಕುದುರೆ ಬಂದ್ರೆ ಅಲ್ಲಿಗೆ ನುಗ್ತಿದ್ದೆ, ಎಲ್ಲಿ ಟ್ರ್ಯಾಕ್ಟರ್ ಬಂದ್ರೆ ಅಲ್ಲಿಗೆ ಓಡ್ತಿದ್ದೆ. ಹಿಂದಿಂದ 'ತೊಕ್ತೊ' ಅಂತ ಅರಚೋಳು. ನನ್ನ ಹೆಸರು ಕರೀತಿದ್ಳೋ, ನಿಲ್ಲು ಅಂತಿದ್ಳೋ, ನಂಗೆ ಇವತ್ತಿಗೂ ಗೊತ್ತಿಲ್ಲ. ಅವಳು ಹೋದ ಮೇಲೆ ಯಾರೂ ನನ್ನ ಹಂಗೆ ಕೂಗಿಲ್ಲ."

"ಯಾವುದಾದ್ರೂ ಆಗ್ಲಿ, ನಿಂತ್ಕೊಂಡ್ರಲ್ಲ, ಸಾಕು" ಎಂದರು ಅತ್ತೆ. ಗಂಡನ ಹೆಸರಿನ ಮಾತು ತನ್ನ ಬಾಯಲ್ಲೂ ಬಂದುಹೋದದ್ದು ಆಮೇಲೆ ಗೊತ್ತಾಗಿ ಆಕೆ ನಾಲಗೆ ಕಚ್ಚಿಕೊಂಡರು.

ಮಾವ ಕೀಲಿ ತಿರುಗಿಸಿ ಎಡಗಡೆಯ ದೀಪ ಮಿನುಗಿಸಿದರು. ಜಿಪಾರಳ ಕಣ್ಣು ಸ್ಟೇರಿಂಗಿನ ಮೇಲಿತ್ತು. ಎಡಕ್ಕೆ ಪೂರ್ತಿ ತಿರುಗಿದರೆ ಕಾರಾ-ಬಾಲ್ತಾ. ಕಾರು ರಸ್ತೆಗೆ ಹತ್ತಿತು, ನೇರವಾಯಿತು, ತೋಸೋರಿನ ಕಡೆಗೇ ಹೊರಟಿತು.

"ಮುಂದೆ ನೋಡ್ತಾ ಇರು" ಎಂದರು ಮಾವ. ಅವರೂ ಮುಂದೆಯೇ ನೋಡುತ್ತಿದ್ದರು.

ಆಮೇಲೆ ಅವರು ಯಾರನ್ನೂ ಹಿಂದೆ ಹಾಕಲಿಲ್ಲ. ಹಿಂದಿನವರು ಹಾರನ್ ಹೊಡೆದಾಗ ಬಲಕ್ಕೆ ಸರಿದು, "ಹೋಗ್ರಪ್ಪ, ನಿಮ್ಮನೇಲಿ ಹಾಲು ಉಕ್ತಿದೆ, ಹೋಗಿ" ಎಂದು ಗೊಣಗುತ್ತ ದಾರಿ ಬಿಟ್ಟರು. ದಾರಿ ಬಿಟ್ಟದ್ದಕ್ಕೆ ಒಬ್ಬ ಕೈಯೆತ್ತಿ ನಮಸ್ಕಾರ ಮಾಡಿಹೋದ, ಜಿಪಾರಳಿಗೇ. ಅವಳೂ ತಿರುಗಿ ಕೈಯೆತ್ತಿದಳು.

ತೋಸೋರಿನ ಏಪ್ರಿಕಾಟ್ ಮರಗಳ ಬೀದಿಗೆ ಕಾರು ಹೊರಳುವ ಹೊತ್ತಿಗೆ ಮಾವ ಮೊದಲಿನಂತಾಗಿದ್ದರು. ಮುಂದೆ ಒಬ್ಬ ಕತ್ತೆಗಾಡಿಯನ್ನು ಬೀದಿಯ ನಡುಮಧ್ಯೆ ಓಡಿಸಿಕೊಂಡು ಹೋಗುತ್ತಿದ್ದ. "ಇಲ್ಲೂ ಅದೇ ಕತೆ! ಕತ್ತೆಗಾದ್ರೂ ಗೊತ್ತಾಗಬೇಡ್ವಾ ಬಲಗಡೆ ಹೋಗಬೇಕು ಅಂತ" ಎಂದು ಅವನ ಬೆನ್ನಿಗೆ ಬೈಯುತ್ತ ಸಾಗಿದರು. ನೀಲಿ ಗೇಟು ಎಡಗಡೆ ಕಾಣಿಸಿತು. ಗೇಟಿನಲ್ಲಿ ಯಾರೋ ನಿಂತಿದ್ದರು. ಕಾರು ಅದನ್ನು ದಾಟಿಯೇ ಹೋಗುವುದರಲ್ಲಿತ್ತು.

"ತೊಕ್ತೊ!" ಎಂದಳು ಜಿಪಾರ್, ಗಟ್ಟಿಯಾಗಿ.

ಕಾರು ನಿಂತಿತು. ತೆರೆದ ಕಿಟಕಿಯಿಂದ ಆ ಮಾತು ಗೇಟಿನಲ್ಲಿದ್ದ ಅಜ್ಜಿಗೂ ಕೇಳಿಸಿತ್ತು. "ಅಯ್ಯೋ ನಿನ್ನ ಬಾಯಿಗೆ ಬೂದಿ ಬೀಳಾ!" ಎಂದು ಅವಳು ಕೆನ್ನೆ ಬಡಿದುಕೊಂಡಳು. "ಮಾವನ ಹೆಸರು ಹಿಡಿದು ಕೂಗ್ತೀಯಲ್ಲೇ! ಇದೇನಾ ನಾನು ಕಲಿಸಿದ್ದು?"

"ಅದು ಹೆಸರಲ್ಲ ತಾಯೀ" ಎಂದರು ಮಾವ ಬಾಗಿಲು ತೆರೆಯುತ್ತ. "ಅದು ನಮ್ಮ ಕಾರಿನ ಬ್ರೇಕು."

ಜಿಪಾರ್ ಅಷ್ಟರಲ್ಲಿ ಇಳಿದು ಓಡಿಯಾಗಿತ್ತು. ಬಡಿದುಕೊಂಡ ಕೆನ್ನೆಯ ಮೇಲೆ ಅಜ್ಜಿಯ ಬೆರಳುಗಳು ಬೆಳ್ಳಗೆ ಮೂಡಿದ್ದವು. ಕಾರು ನಿಂತ ಮೇಲೆಯೇ ಕಲಸುತ್ತೇನೆ ಎಂದಿದ್ದವಳ ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿತ್ತು.